ಎಲ್ಲರ ಮುತ್ತಜ್ಜಿಯೂ ಡೋನಾ ಆಗಬೇಕಂತೆ

ಬೆಳಗಿನ ಐದೂಕಾಲು. ಮ್ಯಾನ್‌ಹ್ಯಾಟನ್ನಿಗೆ ಹತ್ತಿರದ ಹ್ಯಾರಿಸನ್ ಎಂಬ ಊರಿನ ಹಳೆ ಮನೆಯೊಂದರ ಎರಡನೇ ಮಹಡಿಯಲ್ಲಿ ಅಡುಗೆಮನೆಯ ದೀಪ ಉರಿಯುತ್ತಿದೆ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿದೆ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಒಂದು ಭೂತಗನ್ನಡಿ, ರಟ್ಟು ಕಿತ್ತುಬಂದ ಒಂದು ನೋಟ್‌ಬುಕ್ಕು. ನ್ಯೂವಾರ್ಕ್ ಕಡೆಯ ರೈಲು ಹಾದುಹೋಗುವಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಜಲಜಾಕ್ಷಿ ಅದಕ್ಕೆಲ್ಲ ತಲೆ ಎತ್ತುವವರಲ್ಲ. ಪರದೆಯ ಮೇಲಿರುವುದು ಗೋವೆಯ ಒಂದು ಹಳ್ಳಿಯ ಇಗರ್ಜಿಯ ಪುಸ್ತಕ, 1880ರ ಪುಟ. ಯಾರು ಹುಟ್ಟಿದರು, ಯಾರಿಗೆ ಹುಟ್ಟಿದರು ಎಂದು ಅಲ್ಲಿನ ಪಾದ್ರಿ ಪೋರ್ಚುಗೀಸ್ ಭಾಷೆಯಲ್ಲಿ ಗೀಚಿಟ್ಟಿದ್ದಾನೆ. ಅಕ್ಷರಗಳು ಎರೆಹುಳಗಳ ಹಾಗೆ ಒಂದರ ಮೇಲೊಂದು ಹತ್ತಿಕೊಂಡು ಮಲಗಿವೆ.

"ಮತ್ತೊಂದು ಡೋನಾ," ಎಂದು ಅವರು ಕನ್ನಡಕ ತೆಗೆದು ಹಣೆ ಉಜ್ಜಿಕೊಳ್ಳುತ್ತಾರೆ. "ಇವತ್ತಿಗೆ ಹನ್ನೊಂದನೇದು. ಗಂಜಿ ಇನ್ನೂ ಬೆಂದಿಲ್ಲ."

ಅರವತ್ತೊಂದು ವರ್ಷದ ಜಲಜಾಕ್ಷಿಯ ಕೆಲಸ ಇದು: ಹಳೆಯ ಪೋರ್ಚುಗೀಸ್ ಇಗರ್ಜಿ ಪುಸ್ತಕಗಳ ಚಿತ್ರಗಳನ್ನು ಓದಿ, ಹೆಸರು, ತಂದೆ, ತಾಯಿ, ತಾರೀಕು ಬಿಡಿಸಿ ಟೈಪು ಮಾಡುವುದು. ಮ್ಯಾನ್‌ಹ್ಯಾಟನ್ನಿನ ಒಂದು ಸಣ್ಣ ಕಂಪನಿ ಅದನ್ನು ಜೋಡಿಸಿ ಜನರಿಗೆ ವಂಶವೃಕ್ಷ ಮಾಡಿಕೊಡುತ್ತದೆ. ವೃಕ್ಷದ ಕೆಳಗೆ ಕಂಪನಿಯ ಹೆಸರು ಇರುತ್ತದೆ, ಕಲಾವಿದನ ಹೆಸರು ಇರುತ್ತದೆ, ಚೌಕಟ್ಟು ಹಾಕಿದವನ ಸ್ಟಿಕ್ಕರೂ ಇರುತ್ತದೆ. ಓದಿದವರ ಹೆಸರು ಇರುವುದಿಲ್ಲ. ದಿನಕ್ಕೆ ಹನ್ನೆರಡು ಪುಟ, ಹನ್ನೊಂದು ವರ್ಷ. ಒಂಬತ್ತಾದ ಮೇಲೆ ಒಂದು ಸಾಲೂ ಓದುವುದಿಲ್ಲ. "ಒಂಬತ್ತರ ಮೇಲೆ ಕಣ್ಣು ಸುಳ್ಳು ಹೇಳ್ಲಿಕ್ಕೆ ಶುರು ಮಾಡ್ತದೆ," ಎನ್ನುತ್ತಾರೆ. ಹತ್ತಕ್ಕೆ ನದಿ ದಾಟಿ ನ್ಯೂವಾರ್ಕಿನ ಪೋರ್ಚುಗೀಸರ ಬೇಕರಿಯ ಕೌಂಟರಿನಲ್ಲಿ ನಿಂತರೆ ಸಂಜೆ ನಾಲ್ಕರ ತನಕ ಬ್ರೆಡ್ಡು, ಕಸ್ಟರ್ಡ್ ಟಾರ್ಟು.

ಕಾರ್ಕಳದ ಹೆಂಗಸು, ಇಗರ್ಜಿಗೂ ಇವರಿಗೂ ಸಂಬಂಧವಿಲ್ಲ, ಪೋರ್ಚುಗೀಸ್ ಎಲ್ಲಿಂದ ಬಂತು ಎಂದು ಕೇಳದವರಿಲ್ಲ. ಉತ್ತರ ಎರಡು ತುಂಡಾಗಿದೆ. ಭಾಷೆ ಬೇಕರಿಯಿಂದ ಬಂತು; ಹತ್ತೊಂಬತ್ತು ವರ್ಷ ಗಿರಾಕಿಗಳ ಸೊಂಟನೋವು, ಸೊಸೆಯ ಮೇಲಿನ ದೂರು, ಊರಿನ ಸುದ್ದಿ ಕೇಳಿ ಕೇಳಿ ಕಲಿತದ್ದು. ಓದುವ ಕಣ್ಣು ಕಾರ್ಕಳ ಬಸ್‌ಸ್ಟ್ಯಾಂಡಿನ ಔಷಧಿ ಅಂಗಡಿಯಿಂದ ಬಂತು. ಮದುವೆಗೆ ಮೊದಲು ಆರು ವರ್ಷ ಅಲ್ಲಿ ಡಾಕ್ಟರುಗಳ ಚೀಟಿ ಓದುತ್ತಿದ್ದರು. "ಆ ಚೀಟಿ ಓದಿದವರಿಗೆ ಈ ಪಾದ್ರಿಗಳದ್ದೆಲ್ಲ ಮುತ್ತಿನಂಥ ಅಕ್ಷರ. ಅಲ್ಲಿ ತಪ್ಪಿದ್ರೆ ಮನುಷ್ಯ ಹೋಗ್ತಿದ್ದ. ಇಲ್ಲಿ ಹೋದವರೇ ತಪ್ಪಿಹೋಗ್ತಾರೆ."

ಗಂಡ ಅಣ್ಣಪ್ಪ ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂವಿನಲ್ಲಿದ್ದ ದೋಸೆ ಹೋಟೆಲಿನ ಅಡುಗೆಯವರು. ಹದಿಮೂರು ವರ್ಷದ ಹಿಂದೆ, ಒಂದು ಮಂಗಳವಾರ, ಹಿಟ್ಟು ರುಬ್ಬುತ್ತಿದ್ದ ಹಾಗೆಯೇ ಹೋಗಿಬಿಟ್ಟರು. ಮರುವರ್ಷ ಅಕ್ಕನ ಮಗನ ಮದುವೆ ಕಾಗದ ಊರಿನಿಂದ ಬಂತು. ಹಿಂದಿನ ಕಾಗದಗಳಲ್ಲೆಲ್ಲ ಸೌಭಾಗ್ಯವತಿ ಜಲಜಾಕ್ಷಿ ಎಂದಿರುತ್ತಿತ್ತು. ಈ ಸಲ ಸೌಭಾಗ್ಯವತಿಯನ್ನು ತೆಗೆದಿದ್ದರು. ಅದರ ಜೊತೆ ಜಲಜಾಕ್ಷಿಯನ್ನೂ ತೆಗೆದಿದ್ದರು. "ಫೋನ್ ಮಾಡಿ ಕೇಳಿದೆ. ಜಾಗ ಸಾಲ್ಲಿಲ್ಲ ಜಲಜಾ ಅಂದಳು ಅಕ್ಕ. ಬ್ಯಾಂಡಿನವನ ಹೆಸರಿಗೆ ಜಾಗ ಇತ್ತು." ಅದೇ ವಾರ ಬೇಕರಿಯಲ್ಲಿ ಹಳೆಯ ಗಿರಾಕಿಯೊಬ್ಬಳು ಎಂದಿನಂತೆ, ಡೋನಾ ಜಲಜಾ, ನಾಲ್ಕು ಬ್ರೆಡ್ಡು ಎಂದಳಂತೆ. ಹೆಂಗಸಿನ ಹೆಸರಿನ ಮುಂದೆ ಯಾರು ಏನನ್ನು ಇಡುತ್ತಾರೆ, ಯಾವಾಗ ಎತ್ತಿಕೊಳ್ಳುತ್ತಾರೆ ಎಂಬುದರ ಮೇಲೆ ಅವರ ಕಣ್ಣು ಬಿದ್ದದ್ದು ಆವತ್ತಿನಿಂದ.

ಈ ಡೋನಾ ಎಂಬುದು ಈಗ ಅವರಿಗೆ ದಿನನಿತ್ಯದ ತಲೆನೋವು. ವಂಶವೃಕ್ಷ ಮಾಡಿಸುವವರು ಯಾರೇ ಇರಲಿ, ಮುತ್ತಜ್ಜಿಯ ಹೆಸರಿನ ಮುಂದೆ ಡೋನಾ ಕಂಡರೆ ಸಾಕು, ಅರಮನೆ ಎಲ್ಲಿತ್ತು ಎಂದು ಕೇಳುತ್ತಾರೆ. ಹೇಳಿ ಹೇಳಿ ಜಲಜಾಕ್ಷಿಯ ಬಾಯಿ ಒಣಗಿದೆ. "ಮುನ್ನೂರು, ನಾನ್ನೂರು ವರ್ಷದ ಹಿಂದೆ ಆದ್ರೆ ಹೌದು. ದೊಡ್ಡ ಮನೆತನದ ಹೆಂಗಸಿಗೆ ಮಾತ್ರ ಡೋನಾ ಅಂತಿದ್ರು. ಗಂಡನಿಗೆ ಯಾವ ಬಿರುದೂ ಇಲ್ಲದಿದ್ರೂ ಅವಳಿಗೆ ಇರ್ತಿತ್ತು. ಆಮೇಲೆ ಅದು ಮೆಟ್ಟಿಲು ಇಳೀತಾ ಬಂತು. ಅಧಿಕಾರಿಯ ಹೆಂಡತಿ, ಅಂಗಡಿಯವನ ಹೆಂಡತಿ, ಮೇಷ್ಟರ ಹೆಂಡತಿ. ಈಗ ಎಲ್ಲಿಗೆ ಬಂದಿದೆ ಗೊತ್ತುಂಟಾ? ಬೇಕರಿಯ ನೆಲ ಒರೆಸುವವಳನ್ನೂ ಡೋನಾ ಅಂತೇವೆ. ಅದು ಒಳ್ಳೇದೇ. ಆದ್ರೆ ಅವಳ ಮರಿಮಗ ನಾಳೆ ಅರಮನೆ ಹುಡುಕ್ಕೊಂಡು ಬರ್ತಾನಲ್ಲ, ಅವನಿಗೆ ಯಾರು ಹೇಳುದು?"

ಆದ್ದರಿಂದ ಅವರದ್ದೇ ಒಂದು ಕ್ರಮವಿದೆ. ಹೊಸ ಪುಸ್ತಕ ಕೈಗೆ ಬಂದರೆ ಮೊದಲ ಇಪ್ಪತ್ತು ಪುಟ ಒಂದಕ್ಷರವೂ ಟೈಪು ಮಾಡುವುದಿಲ್ಲ. ಸುಮ್ಮನೆ ಓದುತ್ತಾರೆ. ಬರೆದ ಪಾದ್ರಿಯ ಪರಿಚಯವಾಗಬೇಕಂತೆ. ನೋಟ್‌ಬುಕ್ಕಿನಲ್ಲಿ ಪಾದ್ರಿಗೊಂದು ಪುಟ, ಪ್ರತಿಯೊಬ್ಬನಿಗೂ ಕನ್ನಡದಲ್ಲಿ ಒಂದು ಅಡ್ಡಹೆಸರು, ಅದರ ಕೆಳಗೆ ಗೀಟುಗಳು: ಎಷ್ಟು ಹೆಂಗಸರಲ್ಲಿ ಎಷ್ಟು ಜನರಿಗೆ ಡೋನಾ ಕೊಟ್ಟ. ಈ ಗೋವೆಯ ಪುಸ್ತಕದಲ್ಲಿ ಇಬ್ಬರಿದ್ದಾರೆ. 1876ರ ತನಕ ಬರೆದವನು 'ಜಿಪುಣ'. ನಲವತ್ತು ತಾಯಂದಿರಲ್ಲಿ ಇಬ್ಬರಿಗೆ ಕೊಟ್ಟಿದ್ದಾನೆ. ಆಮೇಲೆ ಬಂದವನು 'ಧಾರಾಳಿ'. ನಲವತ್ತರಲ್ಲಿ ಮೂವತ್ತೇಳು. "ಒಂದು ಮಳೆಗಾಲದಲ್ಲಿ ಊರಿಗೆ ಊರೇ ಶ್ರೀಮಂತ ಆಯ್ತಾ? ಆಗ್ಲಿಲ್ಲ. ಪಾದ್ರಿ ಬದಲಾದ, ಅಷ್ಟೆ. ಜಿಪುಣ ಕೊಟ್ಟ ಡೋನಾಕ್ಕೆ ಬೆಲೆ ಉಂಟು. ಧಾರಾಳಿಯ ಪುಸ್ತಕದಲ್ಲಿ ನಾನು ನೋಡುದು ಕೊಟ್ಟವರನ್ನಲ್ಲ. ಕೊಡದೆ ಬಿಟ್ಟ ಆ ಮೂವರನ್ನು."

ಆ ಮೂವರಲ್ಲಿ ಒಬ್ಬಳ ದೆಸೆಯಿಂದಲೇ ಈ ವಾರ ಮನೆಯಲ್ಲಿ ನೆಮ್ಮದಿಯಿಲ್ಲ.

ಬಾಸ್ಕಿಂಗ್ ರಿಡ್ಜಿನ ನಿಹಾಲ್, ಔಷಧಿ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯವರು, ತಾಯಿ ಪಿಯೆದಾದ್ ಬಾಯಿಯವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಆರಡಿ ಎತ್ತರದ ವಂಶವೃಕ್ಷ ಮಾಡಿಸುತ್ತಿದ್ದಾರೆ. ತಾಯಿ ಕಾರವಾರದ ಕ್ರೈಸ್ತ ಮನೆತನದವರು. ಅದಕ್ಕೂ ಹಿಂದೆ ಗೋವೆ. ವೃಕ್ಷದ ಬುಡದಲ್ಲಿರುವುದು ಪಿಯೆದಾದ್ ಬಾಯಿಯ ಮುತ್ತಜ್ಜಿ, ಕಾಯ್ತಾನ್ ಫರ್ನಾಂಡಿಸನ ಹೆಂಡತಿ ಮರಿಯಾ ರೋಸಾ. ಕಂಪನಿಯ ಕಂಪ್ಯೂಟರು ಅವಳಿಗೆ ಹದಿಮೂರು ಮಕ್ಕಳನ್ನು ಕೊಟ್ಟಿದೆ. ಅದರಲ್ಲಿ ಎರಡು ಹೆರಿಗೆಗಳ ನಡುವೆ ನಾಲ್ಕೇ ತಿಂಗಳು.

"ನಾಲ್ಕು ತಿಂಗಳು. ಆಡಿಗೂ ಐದು ಬೇಕು," ಎನ್ನುತ್ತಾರೆ ಜಲಜಾಕ್ಷಿ.

ವಿಷಯ ಇಷ್ಟೇ. ಆ ಊರಿನಲ್ಲಿ ಕಾಯ್ತಾನ್ ಫರ್ನಾಂಡಿಸರು ಇಬ್ಬರಿದ್ದರು, ಒಬ್ಬ ಅಂಗಡಿಯವನು, ಒಬ್ಬ ದೋಣಿಯವನು. ಇಬ್ಬರ ಹೆಂಡತಿಯರೂ ಮರಿಯಾ ರೋಸಾ. ಅಂಗಡಿಯವನ ಹೆಂಡತಿಯನ್ನು ಧಾರಾಳಿ ಎಲ್ಲ ಕಡೆ ಡೋನಾ ಎಂದು ಬರೆದಿದ್ದಾನೆ, ದೋಣಿಯವನ ಹೆಂಡತಿಯನ್ನು ಒಂದು ಕಡೆಯೂ ಹಾಗೆ ಬರೆದಿಲ್ಲ. ಕಂಪನಿಯ ಫಾರಂನಲ್ಲಿ ಹೆಸರಿಗೆ ಕಾಲಂ ಇದೆ, ಊರಿಗೆ ಇದೆ, ಹೆಸರಿನ ಮುಂದಿನ ಪದಕ್ಕೆ ಇಲ್ಲ. ಕಾಲಂ ಇಲ್ಲದ್ದು ಕಂಪ್ಯೂಟರಿಗೆ ಕಾಣುವುದಿಲ್ಲ. ಹಾಗಾಗಿ ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಿತು. ಎಲ್ಲೋ ಒಂದು ಪುಟದಲ್ಲಿ ಡೋನಾ ಕಂಡ ನಿಹಾಲ್ ಆ ಒಬ್ಬಳಿಗೆ ಕಿರೀಟ ತೊಡಿಸಲು ಹೊರಟಿದ್ದಾರೆ.

ಪಿಯೆದಾದ್ ಬಾಯಿಯ ಅಜ್ಜಿಗೆ ಜ್ಞಾನಸ್ನಾನ ಕೊಟ್ಟ ಪುಟವನ್ನು ಜಲಜಾಕ್ಷಿ ಪರದೆಯ ಮೇಲೆ ದೊಡ್ಡದು ಮಾಡುತ್ತಾರೆ. ತಾಯಿ: ಮರಿಯಾ ರೋಸಾ. ಮಗುವಿನ ಪರವಾಗಿ ನಿಂತ ಜ್ಞಾನತಾಯಿ: ಡೋನಾ ಮರಿಯಾ ರೋಸಾ. "ತನ್ನ ಮಗುವಿಗೆ ತಾನೇ ಜ್ಞಾನತಾಯಿ ಆಗ್ಲಿಕ್ಕೆ ಬರ್ತದಾ? ಇಬ್ಬರೂ ಅಕ್ಕಪಕ್ಕ ನಿಂತಿದ್ದಾರೆ ಇಲ್ಲಿ. ಹೆತ್ತವಳು ಈ ಕಡೆ, ಡೋನಾ ಆ ಕಡೆ." ಹೆತ್ತವಳ, ಎಂದರೆ ದೋಣಿಯವನ ಹೆಂಡತಿಯ, ಸಾವಿನ ಸಾಲೂ ಸಿಕ್ಕಿದೆ: ಬಟ್ಟೆ ಒಗೆಯುವವಳು, ವಿಧವೆ, ಧರ್ಮಾರ್ಥ ಹೂಳಲಾಗಿದೆ. ಭಾನುವಾರದ ಹುಟ್ಟುಹಬ್ಬದ ವೃಕ್ಷದಲ್ಲಿ ಡೋನಾ ಎಂದು ಅಚ್ಚಾದರೆ ಆ ಮನೆಯವರ ಬುಡದಲ್ಲಿ ನಿಲ್ಲುವುದು ಪಕ್ಕದ ಮನೆಯ ಅಂಗಡಿಯವನ ಹೆಂಡತಿ. ಹೆತ್ತವಳು ಎರಡನೇ ಸಲ ಧರ್ಮಾರ್ಥ ಮಣ್ಣಿಗೆ ಹೋಗುತ್ತಾಳೆ.

ಆರೂವರೆಗೆ ಫೋನು. ನಿಹಾಲ್.

"ಆಂಟಿ, ಡ್ರೈವ್ ಮಾಡ್ತಾ ಇದ್ದೀನಿ, ಕ್ವಿಕ್ಕಾಗಿ ಹೇಳ್ತೀನಿ. ನಾಳೆ ಪ್ರಿಂಟಿಗೆ ಹೋಗ್ತಿದೆ. ಡೋನಾ ಹಾಕಿಬಿಡಿ. ಇಟ್ಸ್ ಜಸ್ಟ್ ಒನ್ ವರ್ಡ್."

"ಹಾಕ್ಲಿಕ್ಕೆ ಅದು ಉಪ್ಪಿನಕಾಯಿ ಅಲ್ಲ ನಿಹಾಲ್. ನಿಮ್ಮ ಮನೆಯವಳಿಗೆ ಅದು ಇಲ್ಲ. ಪುಟ ಕಳಿಸಿದ್ದೆ, ನೋಡಿದ್ರಾ?"

"ನೋಡ್ದೆ ಆಂಟಿ. ಆದ್ರೆ ನಮ್ಮ ಫ್ಯಾಮಿಲಿಯಲ್ಲಿ ಒಂದು ಟ್ರೆಡಿಷನ್ ಇದೆ. ಜ್ಞಾನಸ್ನಾನದ ಬಿಳಿ ಅಂಗಿಯನ್ನ ಮನೆಯ ಹಿರಿ ಹೆಂಗಸೇ ಕೈಯಾರೆ ಒಗೀಬೇಕು. ಬೇರೆಯವರು ಮುಟ್ಟೋ ಹಾಗಿಲ್ಲ, ಮೆಷಿನ್ನಿಗೂ ಹಾಕೋ ಹಾಗಿಲ್ಲ. ಮಮ್ಮಿ ಈಗ್ಲೂ ಬೇಸ್‌ಮೆಂಟಲ್ಲಿ ನಿಂತು ಒಗೀತಾರೆ. ಅಷ್ಟು ಮಡಿ ಇರೋದು ನೋಬಲ್ ಮನೆಗಳಲ್ಲೇ ಅಲ್ವಾ?"

ಜಲಜಾಕ್ಷಿ ಒಲೆ ಆರಿಸುತ್ತಾರೆ.

"ನಿಹಾಲ್, ಈ ಮಾತು ನಿಮ್ಮ ಅಮ್ಮನತ್ರ ಹೇಳಿದ್ದೀರಾ?"

"ಸರ್‌ಪ್ರೈಸ್ ಆಂಟಿ ಅದು. ಹೇಳ್ಬೇಡಿ."

ಫೋನು ಇಟ್ಟ ಹತ್ತು ನಿಮಿಷಕ್ಕೆ ಕಂಪನಿಯ ಮೇಲ್ವಿಚಾರಕ ಕುನಾಲನ ಸಂದೇಶ: 'ಆಂಟಿ, ಟೈಟಲ್ಸ್ ಎಲ್ಲ ನಾಯ್ಸ್. ಕ್ಲೈಂಟ್ ಕೇಳಿದ್ದು ಕೊಡಿ. ಇಲ್ಲಾಂದ್ರೆ ಈ ಬುಕ್ ಬೇರೆಯವರಿಗೆ ಅಸೈನ್ ಮಾಡ್ಬೇಕಾಗತ್ತೆ.' ಜಲಜಾಕ್ಷಿ ಅದನ್ನು ಎರಡು ಸಲ ಓದುತ್ತಾರೆ. "ನಾಯ್ಸ್ ಅಂತೆ, ಬೇಡದ ಗದ್ದಲ. ಫಾರಂನಲ್ಲಿ ಕಾಲಂ ಇಲ್ಲ ಅಂತ ಹೆಂಗಸೇ ಇಲ್ಲ ಆಗ್ತಾಳಾ? ಕಳೆದ ವರ್ಷದ ತನಕ 'ಇತರೆ' ಅಂತ ಒಂದು ಕಾಲಂ ಇತ್ತು. ಅದನ್ನೂ ತೆಗೆದ. ಸ್ಕ್ರೀನ್ ಕ್ಲೀನಾಗಿ ಕಾಣ್ಬೇಕಂತೆ."

ಗಂಜಿ ಉಂಡರು. ಬಟ್ಟಲು ತೊಳೆದರು. ಆಮೇಲೆ ನಿಹಾಲ್ ಬೇಡವೆಂದ ಕೆಲಸವನ್ನೇ ಮಾಡಿದರು. ಮನೆತನದ ಊರು, ಹೆಸರು ಕೇಳಲು ಶುರುವಿನಲ್ಲಿ ಮಾತಾಡಿದ್ದ ಪಿಯೆದಾದ್ ಬಾಯಿಯ ನಂಬರು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿತ್ತು.

"ಬಾಯಿ, ಜಲಜಾಕ್ಷಿ ಮಾತಾಡುದು. ಮಗ ಬೈತಾನೆ, ಬೈಲಿ. ನಿಮ್ಮ ಮನೆಯಲ್ಲಿ ಬಿಳಿ ಅಂಗಿ ಒಗೆಯುವ ಪದ್ಧತಿ ಉಂಟಲ್ಲ, ಅದನ್ನು ನಿಮಗೆ ಕಲಿಸಿದ್ದು ಯಾರು?"

"ಅಜ್ಜಿ. ಹರಿಯೋ ನೀರಲ್ಲಿ, ಮೂರು ಸಲ ಜಾಲಾಡಿಸಬೇಕು, ಹಿಂಡಬಾರದು, ಕೊಡವಬೇಕು. ಹಿಂಡಿದ್ರೆ ಕೈ ಮೇಲೆ ಹೊಡೀತಿದ್ರು. ಯಾಕೆ?"

"ದೊಡ್ಡಮನೆಯ ಹೆಂಗಸು ಅಷ್ಟು ಚೆಂದ ಒಗೀಲಿಕ್ಕೆ ಕಲಿತದ್ದೆಲ್ಲಿ ಬಾಯಿ?"

ಜಲಜಾಕ್ಷಿ ಪುಟಗಳನ್ನು ಓದಿ ಹೇಳುತ್ತಾರೆ, ಒಂದೊಂದೇ ಸಾಲು, ಇದ್ದದ್ದು ಇದ್ದ ಹಾಗೆ. ಬಟ್ಟೆ ಒಗೆಯುವವಳು. ವಿಧವೆ. ಧರ್ಮಾರ್ಥ. ಪಿಯೆದಾದ್ ಬಾಯಿ ಕೊನೆಗೆ ಕೇಳಿದ್ದು ಒಂದೇ. "ಎಷ್ಟು ಮಕ್ಕಳು ಅವಳಿಗೆ?"

"ಆರು. ಏಳು ಮತ್ತೊಬ್ಬಳದ್ದು."

"ಆರು," ಎಂದರು ಪಿಯೆದಾದ್ ಬಾಯಿ. "ಸಾಕಷ್ಟಾಯ್ತು. ನಿಹಾಲನಿಗೆ ನಾನು ಹೇಳ್ತೇನೆ."

ಸೋಮವಾರ ಬೆಳಿಗ್ಗೆ ಐದೂಕಾಲಿಗೆ ಮತ್ತೆ ಅದೇ ಅಡುಗೆಮನೆ, ಅದೇ ಗಂಜಿ. ಭಾನುವಾರದ ಹುಟ್ಟುಹಬ್ಬಕ್ಕೆ ಜಲಜಾಕ್ಷಿ ಹೋಗಿಲ್ಲ. ಬೇಕರಿಗೆ ಭಾನುವಾರವೇ ಹೆಚ್ಚು ಜನ. ನಿಹಾಲ್ ಒಂದು ಫೋಟೋ ಕಳಿಸಿದ್ದಾರೆ, ಒಂದಕ್ಷರವನ್ನೂ ಸೇರಿಸದೆ, ಮೆಚ್ಚುಗೆಯ ಹೆಬ್ಬೆರಳಿನ ಚಿತ್ರವೂ ಇಲ್ಲದೆ. ಆರಡಿಯ ವೃಕ್ಷದ ಬುಡದಲ್ಲಿ ಬರೀ 'ಮರಿಯಾ ರೋಸಾ' ಎಂದಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಬಟ್ಟೆ ಒಗೆಯುವವಳು'. ಮೇಲೆ ಆರು ಕೊಂಬೆ. ಪಿಯೆದಾದ್ ಬಾಯಿ ಫೋನು ಮಾಡಿ ಉಳಿದದ್ದನ್ನು ಹೇಳಿದರಂತೆ. ಬಂದ ನೆಂಟರಲ್ಲಿ ಯಾರೋ ವೃಕ್ಷದ ಮುಂದೆ ನಿಂತು, ಈಕೆಯ ಹೆಸರಿಗೆ ಮುಂದೆ ಏನೂ ಇಲ್ಲವಾ ಎಂದು ಕೇಳಿದರಂತೆ. 'ಇಲ್ಲ, ಅವಳಿಗೆ ಕೆಲಸ ಇತ್ತು' ಎಂದರಂತೆ ಬಾಯಿ.

ಗೋವೆಯ ಪುಸ್ತಕವನ್ನು ಕುನಾಲ್ ಬೇರೆಯವರಿಗೆ ಕೊಟ್ಟಾಗಿದೆ. ಜಲಜಾಕ್ಷಿಯ ಮುಂದೆ ಈಗಿರುವುದು ಇನ್ನೊಂದು ಊರಿನ, ಇನ್ನೊಬ್ಬ ಪಾದ್ರಿಯ ಪುಸ್ತಕ. ಇವನು ಪ್ರತಿ ಸಾಲಿನ ಕೊನೆಗೂ ಶಾಯಿ ಚೆಲ್ಲಿದ್ದಾನೆ. ಒಂದು ಕಾಲಂ ಬೇಕು, ಬೆರಳಗಲದ್ದು ಸಾಕು ಎಂದು ಕುನಾಲನಿಗೆ ಹದಿನಾಲ್ಕನೇ ಸಲ ಬರೆದಾಗಿದೆ. 'ನೋಟೆಡ್ ಆಂಟಿ' ಎಂದು ಉತ್ತರ ಬಂದಿದೆ. "ನೋಟೆಡ್ ಅಂದ್ರೆ ಆಗುದಿಲ್ಲ ಅಂತ ಅರ್ಥ. ಇರ್ಲಿ. ನೋಟ್‌ಬುಕ್ಕಲ್ಲಿ ನಾನು ಗೀಟು ಹಾಕುದನ್ನು ಅವನಿಗೆ ತೆಗೀಲಿಕ್ಕೆ ಆಗುದಿಲ್ಲ."

ಈ ಪತ್ರಿಕೆಯಲ್ಲಿ ಅವರ ಹೆಸರನ್ನು ಹೇಗೆ ಹಾಕಬೇಕು, ಶ್ರೀಮತಿ ಎಂದೋ, ಜಲಜಾಕ್ಷಿ ಅಣ್ಣಪ್ಪ ಎಂದೋ ಎಂದು ಕೇಳಿದರೆ ಭೂತಗನ್ನಡಿಯನ್ನು ಸೆರಗಿನಿಂದ ಒರೆಸುತ್ತಾ ಯೋಚಿಸುತ್ತಾರೆ.

"ಹೆಸರು ಹಾಕಿ, ಸಾಕು. ನೂರು ವರ್ಷ ಆದ್ಮೇಲೆ ಯಾರಾದ್ರೂ ಕೂತು ಓದ್ತಾರೆ. ಬರೆದವರು ಧಾರಾಳಿಯೋ ಜಿಪುಣರೋ ಅಂತ ಗೀಟು ಹಾಕ್ತಾರೆ. ಅವರಿಗೆ ಸುಮ್ಮನೆ ಕೆಲಸ ಯಾಕೆ?"