ನಡೆದು ಹೋಗುವಷ್ಟು ಹತ್ತಿರ

ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಹದಿನಾರು ವರ್ಷ ಕೂತು ಕೂತು ಅವಳಿಗೆ ಹಲ್ಲಕ್ಕ ಎಂಬ ಹೆಸರೇ ಗಟ್ಟಿಯಾಗಿತ್ತು. ಮೇಣದ ದವಡೆಯಲ್ಲಿ ಒಂದೊಂದೇ ಹಲ್ಲು ಕೂರಿಸಿ ಊರಿನ ಬೊಚ್ಚುಬಾಯಿಗಳನ್ನೆಲ್ಲ ನಗಿಸಿದವಳು, ತಾನು ನಕ್ಕಿದ್ದು ಯಾವಾಗ ಎಂದರೆ ಯೋಚಿಸಬೇಕಿತ್ತು. ದುಃಖವೇನೂ ಇರಲಿಲ್ಲ. ದುಃಖಪಡುವುದಕ್ಕೂ ಒಂದಿಷ್ಟು ಹುರುಪು ಬೇಕಲ್ಲ, ಅದೂ ಇರಲಿಲ್ಲ.

ಗಂಡ ಬಣ್ಣದ ಕಂಪನಿಯ ಗೋದಾಮಿನಲ್ಲಿ ಮೇಲ್ವಿಚಾರಕ. ಮನೆಯಲ್ಲಿ ಅವನ ಬಾಯಿ ಬಿಡಿಸುವುದೆಂದರೆ ತುಕ್ಕು ಹಿಡಿದ ಡಬ್ಬದ ಮುಚ್ಚಳ ತೆಗೆದ ಹಾಗೆ. ಜಗಳವಾಡಿ ಮಾತು ಬಿಟ್ಟದ್ದಲ್ಲ. ಜಗಳವಾದರೂ ಆಗಿದ್ದರೆ ರಾಜಿಯಾಗಬಹುದಿತ್ತು. ಆದರೆ ಬೆಳಿಗ್ಗೆ ಅವಳನ್ನು ಲ್ಯಾಬಿಗೆ ಬಿಡಲು ಸ್ಕೂಟರ್ ಹತ್ತಿದನೋ, ಬೆನ್ನು ಮಾಡಿ ಕೂತವನ ನಾಲಿಗೆ ಸಡಿಲವಾಗುತ್ತಿತ್ತು. ಗೋದಾಮಿನಲ್ಲಿ ಬೆಕ್ಕು ಮರಿ ಹಾಕಿದ್ದು, ಹೊಸ ಮ್ಯಾನೇಜರು ಏಣಿ ಹತ್ತಲು ಹೆದರಿದ್ದು, ಎಲ್ಲವೂ ಆ ಇಪ್ಪತ್ತೈದು ನಿಮಿಷದಲ್ಲೇ. ಅವಳು ಹಿಂದೆ ಕೂತು ಹೂಂಗುಟ್ಟುವಳು. ದಿನವಿಡೀ ಅವಳಿಗೆ ಏನಾದರೂ ಅನ್ನಿಸುತ್ತಿದ್ದದ್ದು ಆಗ ಮಾತ್ರ.

ಈಗ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿನ ಲ್ಯಾಬೊಂದರಲ್ಲಿ ಅವಳಿಗೂ ಕೆಲಸ ಸಿಕ್ಕಿತು. ಒಂದು ದಿನ ಇಬ್ಬರೂ ಬಸ್ಸಿನಲ್ಲಿ ಬಂದು ಎರಡು ಮನೆ ನೋಡಿದರು. ಮೊದಲನೆಯದು ಊರ ಹೊರಗೆ, ಲ್ಯಾಬಿಗೆ ಒಂಬತ್ತು ಕಿಲೋಮೀಟರು. ಲ್ಯಾಬು ದಾಟಿ ಇನ್ನೂ ಎಂಟು ಹೋದರೆ ಗೋದಾಮು. ಎರಡನೆಯದು ಲ್ಯಾಬಿನ ಹಿಂದಿನ ಬೀದಿಯಲ್ಲೇ.

"ನಿನಗೆ ನಡೆದು ಹೋಗೋಷ್ಟು ಹತ್ತಿರ," ಎಂದ ಗಂಡ, ಎರಡನೆಯ ಮನೆಯ ಅಡುಗೆಮನೆಯಲ್ಲಿ ನಿಂತು. "ನನಗೂ ಎಂಟೇ ಕಿಲೋಮೀಟರ್. ಇನ್ನೇನು ಯೋಚ್ನೆ?"

"ಕಣ್ಣು ಮುಚ್ಕೊಂಡು ಹಿಡೀರಿ ಅಕ್ಕ," ಎಂದ ಬ್ರೋಕರ್.

ಅವಳು ನಲ್ಲಿ ತಿರುಗಿಸಿದಳು. ಹಾಳಾದ್ದು, ನೀರು ಧಾರಾಳವಾಗಿ ಬಂತು. ಕಪಾಟು ಕೈಗೆಟುಕುತ್ತಿತ್ತು. ತೆಗೆಯೋಣವೆಂದರೆ ಒಂದು ಹುಳುಕೂ ಸಿಗಲಿಲ್ಲ.

"ಬಚ್ಚಲು ಚಿಕ್ಕದು," ಎಂದಳು.

"ಬಚ್ಚಲಲ್ಲಿ ಸಂಸಾರ ಮಾಡ್ತೀರಾ ಅಕ್ಕ?"

"ಊರಾಚೆ ಮನೆನೇ ಇರ್ಲಿ."

"ತಲೆ ಕೆಟ್ಟಿದ್ಯಾ? ಅದು ಇಬ್ಬರಿಗೂ ದೂರ," ಎಂದ ಗಂಡ. ಬ್ರೋಕರ್ ಯಾವುದೋ ಫೋನು ಬಂದವನಂತೆ ಮೆಲ್ಲಗೆ ಹೊರಗೆ ಹೋದ.

ಹಲ್ಲಕ್ಕ ನಲ್ಲಿ ನಿಲ್ಲಿಸಿದಳು. "ನಾನು ನಡ್ಕೊಂಡು ಹೋದ್ರೆ ಸ್ಕೂಟರಲ್ಲಿ ಒಟ್ಟಿಗೆ ಹೋಗೋದು ತಪ್ಪಿಹೋಗುತ್ತೆ ಕಣ್ರೀ. ನೀವು ನನ್ನ ಹತ್ರ ಮಾತಾಡೋದೇ ಆವಾಗ."

ಗಂಡ ಅವಳ ಮುಖವನ್ನೇ ನೋಡಿದ. ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ.

"ಸ್ಕೂಟರ್ ನಿನ್ನೆ ಸಂಜೆನೇ ಮಾರಿಬಿಟ್ಟೆ," ಎಂದ. "ಎರಡೂ ಮನೆ ಕಡೆಗೂ ಕಂಪನಿ ವ್ಯಾನ್ ಬರುತ್ತೆ ಅಂದ್ರು. ಈ ಮನೇನೂ ನಾನೇ ಹೇಳಿ ಹುಡುಕಿಸಿದ್ದು. ಇಷ್ಟು ವರ್ಷ ನಾನು ಏನು ಹೇಳಿದ್ರೂ ನೀನು ಹಿಂದೆ ಕೂತು ಬರೀ ಹೂಂ ಅಂತಿದ್ದೆ. ನಿನಗೆ ಬೇಜಾರು ಅಂದ್ಕೊಂಡೆ. ಇನ್ನಾದ್ರೂ ಆರಾಮಾಗಿರ್ಲಿ ಅಂತ..."

"ಬೇಜಾರಿರ್ಲಿಲ್ಲ," ಎಂದಳು.

ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ.

ಬ್ರೋಕರ್ ಬಾಗಿಲಲ್ಲಿ ಇಣುಕಿ, "ಯಾವುದು ಅಂತ ಆಯ್ತು ಅಕ್ಕ?" ಎಂದ.

"ಯಾವುದಾದ್ರೂ ಆಗುತ್ತೆ," ಎಂದಳು ಹಲ್ಲಕ್ಕ.