ನೇರಳೆ ಬೆರಳಚ್ಚು

ಮೊನ್ನೆ ಕಾಲೇಜಿನ ಲ್ಯಾಬಿನಲ್ಲಿ ಯಾರೋ ಒಂದು ಬಾಟಲಿಯ ಬಿರಡೆ ತೆಗೆದರು. ವಿನಿಗರಿನಂಥ ಹುಳಿ ಘಾಟು. ಉಳಿದವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಯಾದವಗಿರಿಯ ನಮ್ಮ ಪಕ್ಕದಮನೆ ಅಕ್ಕ ಬಂದು ನಿಂತ ಹಾಗಾಯಿತು...

ಅಕ್ಕನ ಸೀರೆಗೆ ಯಾವಾಗಲೂ ಇದೇ ವಾಸನೆ. ಅವರು ತಿರುವಿಗೆ ಬರುವಾಗಲೇ ಬೀದಿನಾಯಿ ಸೀನುತ್ತದೆ ಎಂದು ನಾನು ಸ್ಕೂಲಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ನಾಯಿ ಸೀನಿದ್ದು ಒಂದೇ ಸಲ. ಆವತ್ತು ಅದಕ್ಕೆ ನೆಗಡಿ ಇತ್ತು.

ಅಕ್ಕ ಒಂದು ಸಂಶೋಧನಾಲಯದಲ್ಲಿ ಹಾಲಿನ ಪುಡಿ ಪರೀಕ್ಷಿಸುತ್ತಿದ್ದರು. ಹಾಲನ್ನು ಅತಿಯಾಗಿ ಕಾಯಿಸಿದರೆ ಅದರ ಪ್ರೋಟೀನಿನಲ್ಲಿರುವ ಲೈಸೀನ್ ಎಂಬ ಚೂರು ಸಕ್ಕರೆಗೆ ಅಂಟಿಕೊಂಡು, ಕೂಸುಗಳ ಮೈಗೆ ಹತ್ತದೆ ಹೋಗುತ್ತದೆ ಎಂಬುದು ಅವರ ಅನುಮಾನ. ತೋರಿಸಿಕೊಟ್ಟರೆ ಇನ್ನೆರಡು ವರ್ಷ ಕೆಲಸ. ಇಲ್ಲದಿದ್ದರೆ ಅವರಪ್ಪ ನೋಡಿಟ್ಟ ಗಂಡು ಕಾದಿದ್ದ.

ಒಂದು ಶನಿವಾರ ಕಾಡಿ ಬೇಡಿ ಜೊತೆಗೆ ಹೋದೆ. ಆಸಿಡ್ಡಿನಲ್ಲಿ ಒಡೆದ ಪ್ರೋಟೀನಿನ ತೊಟ್ಟುಗಳನ್ನು ಉದ್ದನೆಯ ಕಾಗದಕ್ಕೆ ಇಟ್ಟು, ಅದನ್ನು ಹಿಂದಿನ ದಿನವೇ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ್ದರು. ಘಾಟಿನ ದ್ರಾವಣ ಕಾಗದದಲ್ಲಿ ಇಳಿಯುತ್ತಾ ಒಂದೊಂದು ಚೂರನ್ನು ಒಂದೊಂದು ಕಡೆ ಬಿಟ್ಟುಹೋಗುತ್ತದಂತೆ. ಒಣಗಿದ ಆ ಕಾಗದವನ್ನು ಅಕ್ಕ ಚಿಮಟದಲ್ಲೇ ಹಿಡಿದು ತಂತಿಗೆ ಸಿಕ್ಕಿಸಿದರು.

"ಮುಟ್ಬೇಡ ಕಣೇ. ಇದ್ದಬದ್ದ ರಸವೆಲ್ಲ ಇದಕ್ಕೇ ಹಾಕ್ಬುಟ್ಟಿದೀನಿ."

"ನಾನೇನು ಎಳೇ ಮಗೂನಾ ಅಕ್ಕ?"

ಅವರು ಬಣ್ಣ ಬರಿಸುವ ಔಷಧಿ ತರಲು ಹೋದರು. ಬರೀ ಬಿಳಿ ಕಾಗದ. ಏನೂ ಕಾಣದ್ದಕ್ಕೆ ಇಷ್ಟೊಂದು ಮಡಿಯೇ ಎಂದು ಒಂದು ಬೆರಳು ತಾಗಿಸಿದೆ. ಒಂದೇ ಬೆರಳು ಎಂದು ಬರೆಯೋಣ ಎಂದುಕೊಂಡಿದ್ದೆ... ನಿಜಕ್ಕೂ ಮೂರು.

ಔಷಧಿ ಸಿಂಪಡಿಸಿ ಬಿಸಿ ಮಾಡಿದಾಗ ನೇರಳೆ ಮಚ್ಚೆಗಳು ಒಂದೊಂದಾಗಿ ಎದ್ದವು. ಲೈಸೀನಿನ ಮಚ್ಚೆ ಮಾಸಿರಬೇಕಿದ್ದ ಜಾಗದಲ್ಲಿ ನನ್ನ ಮೂರು ಬೆರಳು, ಗೆರೆಗಳ ಸಮೇತ. ಬೆವರಿನಲ್ಲೂ ಅಂಥವೇ ಚೂರುಗಳು ಇರುತ್ತವಂತೆ.

ಅಷ್ಟರಲ್ಲಿ ಅವರ ಸಾಹೇಬರು ಬಂದರು.

"ಯಾರ ಕೈರೀ ಇದು?"

"ನಂದೇ ಸಾರ್. ಮರ್ತು ಮುಟ್ಬುಟ್ಟೆ."

"ಆರು ತಿಂಗಳ ಕೆಲಸ ಕಣ್ರೀ," ಎಂದು ಸಾಹೇಬರು ಹೊರಟುಹೋದರು. ಊರಿಗೆಲ್ಲ ಮಾತು ಹಂಚುವ ನಾನು ಲಂಗದ ನೆರಿಗೆಯಲ್ಲಿ ಕೈ ಬಚ್ಚಿಟ್ಟುಕೊಂಡು ನಿಂತಿದ್ದೆ.

ದಾರಿಯಲ್ಲಿ ಕೇಳಿದೆ, "ಯಾಕಕ್ಕ ಹಾಗಂದ್ರಿ?"

"ನಿನ್ನ ಒಳಗೆ ಬಿಟ್ಟೋಳು ನಾನೇ ಅಲ್ವೇನೇ."

ಕೆಲಸ ಮುಂದುವರಿಯಲಿಲ್ಲ. ಆ ಬೇಸಿಗೆಯಲ್ಲೇ ಮದುವೆಯಾಗಿ ಹೋದರು. ಹೋದ ವರ್ಷ ಕಾಮಾಲೆಯಲ್ಲಿ ತೀರಿಕೊಂಡರೆಂದು ಅಮ್ಮನಿಗೆ ಪತ್ರ ಬಂತು...

ಸಾಹೇಬರು ಈಗಲೂ ಅಲ್ಲೇ ಇದ್ದಾರೆ. ನಿನ್ನೆ ಹೋಗಿ ಹೇಳಿದೆ, ಆ ಕೈ ಅಕ್ಕನದಲ್ಲ, ನನ್ನದು ಎಂದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಯಾವ ಹುಡುಗಿ ಅಂದ್ಯಮ್ಮ?"

ಹೆಸರು ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ನೆನಪಾಗ್ತಿಲ್ಲಮ್ಮ," ಎಂದರು.