ಗೋಡೆಯ ಎರಡು ಬದಿಯ ನೀರು

ಅಣ್ಣ ತಮ್ಮ ಜಗಳಾಡಿ ಕಾರ್ಖಾನೆಯ ನಡುವೆ ಗೋಡೆ ಎಬ್ಬಿಸಿದ ಮೇಲೆ ನಾನು ಅಣ್ಣನ ಕಡೆ ಕೆಲಸಕ್ಕೆ ಸೇರಿದೆ. ಅಣ್ಣನೇ ನನ್ನ ಮಾಲಕರು; ಅವರದು ಬೀದರ ಕಡೆಯ ಮನೆತನ. ಹೈದರಾಬಾದಿಗೆ ಬಂದು ಎರಡು ತಲೆಮಾರಾದರೂ ಮನೆಮಾತು ಕನ್ನಡವೇ. ನಾನು ಕಲಬುರಗಿಯವಳು, ಕೂಕಟ್‌ಪಲ್ಲಿಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಣ್ಣನದು ಕಬ್ಬಿಣದ ತಂತಿಯ ತುಕ್ಕನ್ನು ಆಸಿಡ್‌ನಲ್ಲಿ ತೊಳೆಯುವ ಕೆಲಸ. ತೊಳೆದ ಹುಳಿನೀರಿಗೆ ಕಾಸ್ಟಿಕ್ ಸೋಡಾ ಬೆರೆಸಿ, ಹುಳಿ ಮುರಿದು ಹೊರಗೆ ಬಿಡುವುದು ನನ್ನ ಪಾಲಿನದು.

ಕಾಸ್ಟಿಕ್ ತುಟ್ಟಿಯಾಗುತ್ತಲೇ ಹೋಯಿತು. ಹೀಗೇ ಆದರೆ ದೀಪಾವಳಿಗೆ ತೊಳೆಯುವ ವಿಭಾಗ ಮುಚ್ಚಿ ಕೆಲಸ ಹೊರಗೆ ಕೊಡುತ್ತೇನೆ ಎಂದರು ಮಾಲಕರು. ಅಂದರೆ ನನಗೂ ಮನೆಯ ದಾರಿ. ಸುಣ್ಣ ಹಾಕಿ ನೋಡಿದೆ. ಅಗ್ಗವೇನೋ ಹೌದು, ಆದರೆ ತಳದಲ್ಲಿ ಕೂತ ಕೆಸರು ಸಾಗಿಸುವುದರೊಳಗೆ ಉಳಿದದ್ದೆಲ್ಲ ಹೋಯಿತು. ತಲೆ ಕೆಟ್ಟುಹೋಗಿತ್ತು.

ಆಗಲೇ ಒಂದು ದಿನ ಟ್ರಾಲಿ ಆಟೋದವನು ನಮ್ಮ ಕಾಸ್ಟಿಕ್ ಇಳಿಸಿ, ಆಸಿಡ್ ಕ್ಯಾನುಗಳನ್ನು ಪಕ್ಕದ ಗೇಟಿಗೆ ಒಯ್ದ. ತಮ್ಮನದು ಗಾಜಿನ ಬಾಟಲಿ ತೊಳೆಯುವ ಕೆಲಸ; ಅವರು ತೊಳೆಯುವುದೇ ಕಾಸ್ಟಿಕ್‌ನಲ್ಲಿ. ಆ ಕ್ಷಾರದ ನೀರನ್ನು ಸರಿ ಮಾಡಲು ದುಡ್ಡು ಕೊಟ್ಟು ಆಸಿಡ್ ತರಿಸುತ್ತಿದ್ದರು! ನನಗೆ ಸಿಟ್ಟೇ ಬಂತು. ಎರಡೂ ನೀರು ಒಂದೇ ತೊಟ್ಟಿಗೆ ಬಿದ್ದರೆ ಅರ್ಧ ಖರ್ಚು ಅಲ್ಲೇ ಮುಗಿಯುತ್ತಿತ್ತು. ಇವರ ಹಟಕ್ಕೆ ನನ್ನ ಹೊಟ್ಟೆಪಾಡು ಹೋಗಬೇಕೆ?

ಮಾಲಕರಿಗೆ ಹೇಳಿದೆ. “ನೀರ ಬೇಕಾದ್ರ ಬರ್ಲಿ ತಂಗಿ. ಅವ ಬರೋದ ಬ್ಯಾಡ” ಅಂದರು.

ಆ ಕಡೆಯ ಕೆಮಿಸ್ಟನೊಂದಿಗೆ ನಾನೇ ಮಾತಾಡಿದೆ. ಎರಡೂ ನೀರನ್ನು ಬಕೆಟ್ಟಿನಲ್ಲಿ ಬೆರೆಸಿ ನೋಡಿದೆವು, ಮಾಲಿನ್ಯ ಮಂಡಳಿಯ ಅನುಮತಿ ಪಡೆದೆವು, ಗೋಡೆ ಕೊರೆದು ಪೈಪು ಹಾಕಿಸಿದೆವು. ವಾಲ್ವ್ ಅವರ ಕಡೆ, ನೀರಿನ ಹುಳಿ ಅಳೆಯುವ ಪಿಎಚ್ ಮೀಟರು ನಮ್ಮ ಕಡೆ. ಬಿಡು, ನಿಲ್ಲಿಸು ಎಂದು ಫೋನಿನಲ್ಲೇ ಹೇಳುವುದೆಂದು ಗೊತ್ತುಮಾಡಿಕೊಂಡೆವು.

ಮೊದಲ ದಿನ ಮಾಲಕರು ಬಂದು ತೊಟ್ಟಿಯ ಪಕ್ಕ ನಿಂತರು. ಇವತ್ತು ಹೊಂದದಿದ್ದರೆ ವಿಭಾಗ ಮುಚ್ಚಿದಂತೆಯೇ. ಹುಳಿನೀರು ಅರ್ಧ ತೊಟ್ಟಿ ದಾಟುತ್ತಿತ್ತು, ಇನ್ನೂ ತಡವಾದರೆ ಆ ಕಡೆಯ ನೀರಿಗೆ ಜಾಗವೇ ಇಲ್ಲ. ಆ ಪುಣ್ಯಾತ್ಮ ಕೆಮಿಸ್ಟ ಫೋನ್ ಎತ್ತಲೊಲ್ಲ. ನಾನು ಕೂಗಿದೆ, ಬಾಟಲಿಗಳ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮಾಲಕರು ನನ್ನ ಮುಖ ನೋಡಿದರು. ಗೋಡೆಯ ಹತ್ತಿರ ಹೋಗಿ, ಗಂಟಲು ಸರಿ ಮಾಡಿಕೊಂಡು, ದೊಡ್ಡ ದನಿಯಲ್ಲಿ ಕೂಗಿದರು.

“ತಮ್ಮಾ, ನೀರ ಬಿಡೋ.”

ಆಚೆ ಬಾಟಲಿಗಳ ಸದ್ದು ನಿಂತಿತು. ಆಮೇಲೆ ತಮ್ಮನದೇ ದನಿ, “ಬಿಟ್ಟೆ, ಅಣ್ಣಾ.”

ಪೈಪಿನಲ್ಲಿ ನೀರು ಬಂತು, ಮೀಟರಿನ ಅಂಕಿ ಏರತೊಡಗಿತು. ನೌಕರಿ ಉಳಿಯಿತೆಂದು ನನ್ನ ಜೀವ ತಣ್ಣಗಾಯಿತು. ಅಂಕಿ ಏಳು ಮುಟ್ಟಿದಾಗ, ಅಂದರೆ ಹುಳಿಯೂ ಕ್ಷಾರವೂ ಸಮನಾದಾಗ, ಇನ್ನು ನಿಲ್ಲಿಸಲು ಹೇಳಿ ಅಂದೆ. ಮಾಲಕರು ಈ ಸಲ ಕೂಗಲಿಲ್ಲ. ಅಂಗೈಯಿಂದ ಗೋಡೆ ಬಡಿದರು. ನೀರು ನಿಂತಿತು.